ಸೈಗಲ್ಲರ ಕಂಠವೂ ಕೇಳುಗರ ಭಕ್ತಿಯೂ

ಹಾಡುಗಾರನನ್ನು ಜನ ಮೆಚ್ಚುವುದು ಹೊಸದೇನೂ ಅಲ್ಲ. ಆದರೆ ತಾವು ಎಂದೂ ಕಣ್ಣಾರೆ ಕಾಣದ, ಕಾಣುವ ಆಸೆಯನ್ನು ಸಹ ಇಟ್ಟುಕೊಳ್ಳಲಾರದ ಒಬ್ಬ ಹಾಡುಗಾರನನ್ನು ಲಕ್ಷಾಂತರ ಜನ ತಮ್ಮ ಮನೆಯವನೆಂಬಂತೆ ಪ್ರೀತಿಸುವುದು ಇಪ್ಪತ್ತನೆಯ ಶತಮಾನದ ಸಂಗತಿ. ನಮ್ಮ ದೇಶದಲ್ಲಿ ಅಂಥ ಪ್ರೀತಿಯನ್ನು ತುಂಬುಗೈಯಿಂದ ಮೊದಲು ಪಡೆದವರು ಕುಂದನ್‌ಲಾಲ್ ಸೈಗಲ್ ಎಂದರೆ ಹೆಚ್ಚಿನ ಮಾತಾಗಲಾರದು. ಅವರು ಹಾಡಿದ ಹಾಡುಗಳೆಲ್ಲವನ್ನೂ ಕೂಡಿಸಿದರೂ ಇನ್ನೂರನ್ನು ಮುಟ್ಟುವುದಿಲ್ಲ. ಚಿತ್ರರಂಗದಲ್ಲಿ ಅವರಿದ್ದುದು ಸುಮಾರು ಹದಿನೈದು ವರ್ಷ. ಸತ್ತಾಗ ವಯಸ್ಸು ನಲವತ್ತೆರಡು. ಇಷ್ಟು ಚಿಕ್ಕ ಬಾಳಿನ ಇಷ್ಟು ಕಡಿಮೆ ಹಾಡುಗಳು ಎರಡು ಮೂರು ತಲೆಮಾರುಗಳ ಬೆಳಗನ್ನು ಆಳಿದುದು ಹೇಗೆ?

ಸಿನಿಮಾ ಹಾಡಿನ ಮೇಲಿನ ಪ್ರೀತಿಯನ್ನು ನಾವು ವಿದ್ಯಾವಂತರು ‘ಹುಚ್ಚು’ ಎಂದು ಕರೆದು ಮುಂದೆ ಸಾಗುವುದು ವಾಡಿಕೆ. ಸಾಹಿತ್ಯ ಪಾಠ ಹೇಳುವ ನನ್ನಂಥವರಂತೂ ಆ ಕಡೆ ಹೊರಳಿಯೂ ನೋಡುವುದಿಲ್ಲ. ಆದರೆ ಹುಚ್ಚಿಗೂ ಒಂದು ಚರಿತ್ರೆ ಇದೆ. ಈ ಹುಚ್ಚು ಎಲ್ಲಿ ಹುಟ್ಟಿತು, ಹಾಡುಗಾರನಿಗೆ ಏನು ಕೇಡು ಮಾಡಿತು, ಏನು ಉಪಕಾರ ಮಾಡಿತು ಎಂಬ ಮೂರು ಪ್ರಶ್ನೆಗಳನ್ನು ಸೈಗಲ್ಲರ ಉದಾಹರಣೆಯಲ್ಲಿ ಕೇಳಿ ನೋಡಬಹುದು.

ಮೊದಲು ಹುಟ್ಟಿನ ವಿಚಾರ. ಮೈಕು ಬರುವುದಕ್ಕೆ ಮುಂಚೆ ಹಾಡುಗಾರನಿಗೆ ಬೇಕಾಗಿದ್ದುದು ದೂರಕ್ಕೆ ಮುಟ್ಟುವ ಶಾರೀರ. ಗುಬ್ಬಿ ಕಂಪನಿಯ ನಾಟಕವಿರಲಿ, ಬಾಲಗಂಧರ್ವರ ಮರಾಠಿ ಸಂಗೀತನಾಟಕವಿರಲಿ, ನಟನ ಹಾಡು ಕಟ್ಟಕಡೆಯ ಸಾಲಿನ ನಾಲ್ಕಾಣೆ ಗಿರಾಕಿಗೂ ಕೇಳಬೇಕಾಗಿತ್ತು. ಗ್ರಾಮಫೋನು ಬಂದಾಗಲೂ ಈ ಕಷ್ಟ ತಪ್ಪಲಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ ಆಕೆಯ ಮುಂದಿದ್ದುದು ಒಂದು ಕೊಂಬು. ಅದರೊಳಕ್ಕೆ ಗಂಟಲೆತ್ತಿ ಹಾಡಿದರೆ ಮಾತ್ರ ಮುಳ್ಳು ಅಲುಗಿ ಮೇಣದ ಮೇಲೆ ಗೆರೆ ಮೂಡುತ್ತಿತ್ತು. 1925ರಲ್ಲಿ ವಿದ್ಯುತ್ತಿನಿಂದ ಧ್ವನಿಮುದ್ರಣ ಮಾಡುವ ಕ್ರಮ ಬಂದುದು ಸಂಗೀತದ ಚರಿತ್ರೆಯಲ್ಲಿ ಸಣ್ಣ ಘಟನೆಯಲ್ಲ. ಅಂದಿನಿಂದ ಪಿಸುಮಾತನ್ನೂ ನಿಟ್ಟುಸಿರನ್ನೂ ಹಿಡಿದಿಡಲು ಸಾಧ್ಯವಾಯಿತು. ನೂರು ಜನರಿಗೆ ಕೂಗಿ ಹೇಳುತ್ತಿದ್ದ ಕಂಠ ಒಬ್ಬನ ಕಿವಿಯಲ್ಲಿ ಹೇಳತೊಡಗಿತು.

ಈ ಹೊಸ ಸಾಧನಕ್ಕೆ ತಕ್ಕ ಕಂಠವೊಂದು ಬೇಕಾಗಿತ್ತು. ಅದು ಬಂದುದು ಯಾವ ಘರಾಣೆಯಿಂದಲೂ ಅಲ್ಲ. 1904ರ ಏಪ್ರಿಲ್ 11ರಂದು ಜಮ್ಮುವಿನಲ್ಲಿ ಹುಟ್ಟಿದ ಸೈಗಲ್ ತಾಯಿಯೊಡನೆ ಭಜನೆಗಳಿಗೆ ಹೋಗಿ, ರಾಮಲೀಲೆಯಲ್ಲಿ ಸೀತೆಯ ಪಾತ್ರ ಕಟ್ಟಿ ಹಾಡು ಕಲಿತವರು. ಓದು ಅರ್ಧಕ್ಕೆ ನಿಂತಿತು. ರೈಲ್ವೆಯಲ್ಲಿ ಚಾಕರಿ ಮಾಡಿದರು. ರೆಮಿಂಗ್ಟನ್ ಟೈಪ್‌ರೈಟರುಗಳನ್ನು ಮಾರುತ್ತ ಊರೂರು ಅಲೆದರು. ಕಲ್ಕತ್ತೆಯಲ್ಲಿ ಸಂಗೀತ ನಿರ್ದೇಶಕ ಆರ್. ಸಿ. ಬೋರಾಲ್ ಅವರ ಕಣ್ಣಿಗೆ ಬಿದ್ದು, ಬಿ. ಎನ್. ಸರ್ಕಾರರ ನ್ಯೂ ಥಿಯೇಟರ್ಸ್ ಸಂಸ್ಥೆಯನ್ನು ಸೇರಿದರು. ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ ತೆರೆಕಂಡ ಮರುವರ್ಷ, ಎಂದರೆ 1932ರಲ್ಲಿ, ಅವರ ಮೊದಲ ಚಿತ್ರ ಬಂದಿತು. 1933ರ ‘ಪೂರನ್ ಭಗತ್’ ಚಿತ್ರದ ಭಜನೆಗಳು ಅವರ ಹೆಸರನ್ನು ಹರಡಿದವು. 1934ರ ‘ಚಂಡೀದಾಸ’ ಅವರನ್ನು ನಾಯಕರನ್ನಾಗಿ ನಿಲ್ಲಿಸಿತು.

ಆ ಕಂಠವನ್ನು ಕೇಳಿದವರಿಗೆ ಒಂದು ವಿಷಯ ಕೂಡಲೇ ಹೊಳೆಯುತ್ತದೆ. ಅವರು ನಮ್ಮನ್ನು ಬೆರಗುಗೊಳಿಸಲು ಹೊರಟವರಲ್ಲ. ತಾನಗಳ ಮಳೆ ಇಲ್ಲ, ತಾರಸ್ಥಾಯಿಯ ಸಾಹಸವಿಲ್ಲ. ಮಂದ್ರದಲ್ಲಿ ಮಾತು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಮೊದಲಾಯಿತು ಎಂದು ತಿಳಿಯದ ಹಾಗೆ ಅವರು ಸ್ವರಕ್ಕೆ ಇಳಿಯುತ್ತಾರೆ. ಪಂಜಾಬಿ ಮನೆಮಾತಿನ ಈ ಮನುಷ್ಯ ಬಂಗಾಳಿಯಲ್ಲಿ ರವೀಂದ್ರರ ಗೀತೆಗಳನ್ನು ಹಾಡಿ ಬಂಗಾಳಿಗಳನ್ನು ಒಲಿಸಿಕೊಂಡರು. ಗಾಲಿಬನ ಗಜಲುಗಳನ್ನು ಹಾಡಿ, ಓದು ಬಾರದವನ ನಾಲಗೆಯ ಮೇಲೂ ಗಾಲಿಬನನ್ನು ಕೂಡಿಸಿದರು. ಹಿಂದಿಯ ಗಂಧವಿಲ್ಲದ ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಅವರ ಪ್ಲೇಟುಗಳು ತಿರುಗಿದುದಕ್ಕೂ ಇದೇ ಕಾರಣವಿರಬೇಕು. ಅರ್ಥಕ್ಕೆ ಮುಂಚೆಯೇ ಭಾವ ಬಂದು ಕುಳಿತಿರುತ್ತಿತ್ತು.

ಪ್ಲೇಟಿನಲ್ಲಿ ಬಂದ ಕಂಠ ಎಂಥ ಕೆಲಸ ಮಾಡಬಲ್ಲದು ಎಂಬುದಕ್ಕೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಮ್ಮ ಗದುಗಿನ ಹುಡುಗ ಭೀಮಸೇನ ಜೋಶಿ 1933ರಲ್ಲಿ ಗುರುವನ್ನು ಅರಸಿ ಮನೆ ಬಿಟ್ಟು ಓಡಿದುದು ಅಬ್ದುಲ್ ಕರೀಂ ಖಾನರ ಪ್ಲೇಟುಗಳನ್ನು ಕೇಳಿದ ಮೇಲೆ. ಖಾನರು ಹಾಡಿದ ಝಿಂಝೋಟಿಯ ಆ ಪ್ರಸಿದ್ಧ ಠುಮರಿಯನ್ನೇ 1935ರ ‘ದೇವದಾಸ್’ ಚಿತ್ರದಲ್ಲಿ ಸೈಗಲ್ ಹಾಡಿದರು. ಶಾಸ್ತ್ರೀಯ ಸಂಗೀತಕ್ಕೂ ಸಿನಿಮಾ ಸಂಗೀತಕ್ಕೂ ನಡುವೆ ನಾವು ಎಬ್ಬಿಸಿರುವ ಗೋಡೆ ಅಂದಿನ ಕೇಳುಗನ ಕಿವಿಯಲ್ಲಿ ಅಷ್ಟೇನೂ ಎತ್ತರವಾಗಿರಲಿಲ್ಲ.

‘ದೇವದಾಸ್’ ಚಿತ್ರದಿಂದಲೇ ಕೇಡಿನ ಕಥೆಯೂ ಮೊದಲಾಗುತ್ತದೆ. ಶರತ್‌ಚಂದ್ರರ ಕಾದಂಬರಿಯ ಆ ನಾಯಕ ಪ್ರೇಮದಲ್ಲಿ ಸೋತು, ಕುಡಿದು, ಪ್ರೇಯಸಿಯ ಮನೆಯ ಬಾಗಿಲಲ್ಲಿ ಸಾಯುತ್ತಾನೆ. ಪಿ. ಸಿ. ಬರುವಾ ನಿರ್ದೇಶಿಸಿದ ಹಿಂದಿ ಚಿತ್ರದಲ್ಲಿ ಸೈಗಲ್ಲರೇ ಆ ಪಾತ್ರ ಮಾಡಿದರು. ಜನ ಪಾತ್ರವನ್ನೂ ಪಾತ್ರಧಾರಿಯನ್ನೂ ಒಂದಾಗಿಸಿಬಿಟ್ಟರು. ಸೈಗಲ್ಲರಿಗೆ ಕುಡಿತದ ಚಟವಿದ್ದುದು ನಿಜ. ಆದರೆ ಅಭಿಮಾನಿಗಳು ಅದನ್ನು ಒಂದು ರೋಗವೆಂದು ಕಾಣದೆ ಕಲೆಯ ಒಂದು ಅಂಗವೆಂದು ಕಂಡರು. ಆ ನೋವು ಕುಡಿತದಿಂದಲೇ ಬಂದುದು, ಕುಡಿಯದಿದ್ದರೆ ಆ ಕಂಠವಿಲ್ಲ ಎಂಬ ಮಾತು ಹಬ್ಬಿತು. ಅದಕ್ಕಿಂತ ದುಃಖದ ಸಂಗತಿಯೆಂದರೆ ಹಾಡುಗಾರನೂ ಅದನ್ನು ನಂಬಿದುದು.

ಸಂಗೀತ ನಿರ್ದೇಶಕ ನೌಷಾದ್ ಹೇಳಿದ ಪ್ರಸಂಗವೊಂದಿದೆ. 1946ರ ‘ಶಾಹಜಹಾನ್’ ಚಿತ್ರಕ್ಕೆ ಹಾಡು ಮುದ್ರಿಸುವಾಗ ಅವರು ಸೈಗಲ್ಲರಿಂದ ಒಂದೇ ಹಾಡನ್ನು ಕುಡಿಯದೆ ಒಮ್ಮೆ, ಕುಡಿದ ಮೇಲೆ ಒಮ್ಮೆ ಹಾಡಿಸಿ, ಎರಡನ್ನೂ ಕೇಳಿಸಿದರಂತೆ. ಯಾವುದು ಯಾವುದೆಂದು ತಿಳಿಯದ ಸೈಗಲ್ ಮೆಚ್ಚಿ ಆರಿಸಿದುದು ಕುಡಿಯದೆ ಹಾಡಿದುದನ್ನು. ಈ ಅರಿವು ಬರುವ ಹೊತ್ತಿಗೆ ಕಾಲ ಮಿಂಚಿತ್ತು. 1947ರ ಜನವರಿ 18ರಂದು, ಸ್ವಾತಂತ್ರ್ಯಕ್ಕೆ ಏಳು ತಿಂಗಳಿರುವಾಗ, ಅವರು ಜಾಲಂಧರದಲ್ಲಿ ತೀರಿಕೊಂಡರು. ‘ಶಾಹಜಹಾನ್’ ಚಿತ್ರದ ಎದೆಯೊಡೆದ ಪ್ರೇಮಿಯ ಹಾಡನ್ನೇ ಅವರ ಅಂತ್ಯಯಾತ್ರೆಯಲ್ಲಿ ನುಡಿಸಿದರೆಂದು ಹೇಳುತ್ತಾರೆ. ಕೇಳಲು ಸೊಗಸಾದ ಕಥೆ. ಆದರೆ ಕಲಾವಿದನ ಗಾಯವನ್ನು ಪ್ರೀತಿಸುವ ಭಕ್ತಿ ಅವನನ್ನು ಗುಣವಾಗಲು ಬಿಡುವುದಿಲ್ಲ ಎಂಬುದನ್ನು ನಾವು ಮರೆಯಬಾರದು.

ಇಷ್ಟಕ್ಕೇ ನಿಲ್ಲಿಸಿದರೆ ಭಕ್ತರಿಗೆ ಅನ್ಯಾಯವಾದೀತು. ಇನ್ನೊಂದು ಬಗೆಯ ಭಕ್ತಿಯೂ ಇತ್ತು. ಆ ಕಾಲದ ಎಳೆಯ ಹಾಡುಗಾರರು ಸೈಗಲ್ಲರನ್ನು ಏಕಲವ್ಯರಂತೆ ದೂರದಿಂದಲೇ ಗುರುವಾಗಿ ಹಿಡಿದರು. 1945ರ ‘ಪಹಲಿ ನಜರ್’ ಚಿತ್ರದಲ್ಲಿ ಅನಿಲ್ ಬಿಸ್ವಾಸರ ನಿರ್ದೇಶನದಲ್ಲಿ ಮುಕೇಶ್ ಹಾಡಿದಾಗ ಅದನ್ನು ಸೈಗಲ್ಲರದೆಂದೇ ಬಗೆದವರು ಬಹಳ ಮಂದಿ. 1948ರ ‘ಜಿದ್ದಿ’ಯಲ್ಲಿ ಕಿಶೋರ್ ಕುಮಾರ್ ಹಾಡಿದ ಮೊದಲ ಹಾಡೂ ಅದೇ ಅಚ್ಚಿನದು. ಲತಾ ಮಂಗೇಶ್ಕರ್ ತಾವು ಮೊದಲ ರೇಡಿಯೊ ಕೊಂಡು ತಂದು ಹಚ್ಚಿದಾಗ ಕೇಳಿದುದು ಸೈಗಲ್ಲರ ಸಾವಿನ ಸುದ್ದಿಯನ್ನೆಂದೂ, ಆ ಪೆಟ್ಟಿಗೆಯನ್ನು ಹಿಂದಿರುಗಿಸಿಬಿಟ್ಟೆನೆಂದೂ ಹೇಳಿಕೊಂಡಿದ್ದಾರೆ. ಇವರೆಲ್ಲರೂ ಮುಂದೆ ಬೇರೆ ಬೇರೆ ದಾರಿ ಹಿಡಿದು ತಮ್ಮದೇ ಕಂಠವನ್ನು ಕಂಡುಕೊಂಡರು. ಗುರುವನ್ನು ಅನುಕರಿಸಿ ಆರಂಭಿಸುವುದು ಅವಮಾನವಲ್ಲ. ಅಲ್ಲಿಯೇ ಉಳಿದುಬಿಡುವುದು ಮಾತ್ರ ನಷ್ಟ.

ಹಾಡುಗಾರರಲ್ಲದ ಸಾಮಾನ್ಯ ಭಕ್ತರ ಮಾತು? ಅವರ ಕಥೆ ರೇಡಿಯೊದೊಡನೆ ಹೆಣೆದುಕೊಂಡಿದೆ. 1952ರಲ್ಲಿ ಬಿ. ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಮಂತ್ರಿಗಳಾದ ಮೇಲೆ ಆಕಾಶವಾಣಿಯಲ್ಲಿ ಸಿನಿಮಾ ಹಾಡು ಬಹುಮಟ್ಟಿಗೆ ಮರೆಯಾಯಿತು. ಜನರ ಅಭಿರುಚಿಯನ್ನು ತಿದ್ದಬೇಕೆಂಬುದು ಅವರ ಸದುದ್ದೇಶ. ಜನ ವಾದ ಮಾಡಲಿಲ್ಲ; ರೇಡಿಯೊದ ಮುಳ್ಳನ್ನು ತಿರುಗಿಸಿದರು. ಯುದ್ಧಕಾಲದಲ್ಲಿ ಸೈನಿಕರಿಗಾಗಿ ಸ್ಥಾಪಿಸಿದ್ದ ಬಲವಾದ ಪ್ರಸಾರಯಂತ್ರ ಕೊಲಂಬೊದ ರೇಡಿಯೊ ಸಿಲೋನಿನ ಕೈಗೆ ಬಂದಿತ್ತು. ಅದರ ಹಿಂದಿ ಪ್ರಸಾರದಲ್ಲಿ ಬೆಳಿಗ್ಗೆ ಏಳೂವರೆಗೆ ಹಳೆಯ ಚಿತ್ರಗಳ ಸಂಗೀತ. ಆ ಕಾರ್ಯಕ್ರಮದ ಕೊನೆಯಲ್ಲಿ, 7 ಗಂಟೆ 57 ನಿಮಿಷಕ್ಕೆ, ತಪ್ಪದೆ ಸೈಗಲ್ಲರ ಒಂದು ಹಾಡು. ಹಳೆಯ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯುವುದೂ ಮೂರು ನಿಮಿಷವೇ. ನಮ್ಮ ಊರುಗಳಲ್ಲೂ ಸಿಲೋನು ಚೆನ್ನಾಗಿ ಕೇಳಿಸುತ್ತಿತ್ತು. ಕಚೇರಿಗೂ ಕಾಲೇಜಿಗೂ ಹೊರಡುವ ಗಡಿಬಿಡಿಯಲ್ಲಿ ಆ ಹಾಡೇ ಗಡಿಯಾರ. ಅದು ಮುಗಿದರೆ ಎಂಟು ಗಂಟೆ. 1957ರ ಅಕ್ಟೋಬರ್ 3ರಂದು ಆಕಾಶವಾಣಿಯೇ ‘ವಿವಿಧಭಾರತಿ’ಯನ್ನು ಆರಂಭಿಸಿತು. ಆದರೂ ಸಿಲೋನಿನ ಆ ಬೆಳಗಿನ ಪದ್ಧತಿ ದಶಕಗಳ ಕಾಲ ನಡೆಯಿತು. ಸತ್ತ ಹಾಡುಗಾರನೊಬ್ಬನಿಗೆ ಇಂಥ ನಿತ್ಯಪೂಜೆ ಬೇರೆಲ್ಲಿಯಾದರೂ ನಡೆದಿದ್ದರೆ ನಾನರಿಯೆ.

ಈ ಭಕ್ತರು ಕೇಳಿದುದಷ್ಟೇ ಅಲ್ಲ, ಕೂಡಿಟ್ಟರು. ಅರಗಿನ ಆ ಪ್ಲೇಟು ಕೈಜಾರಿದರೆ ಚೂರು ಚೂರು. ಅಂಥವನ್ನು ಟ್ರಂಕುಗಳಲ್ಲಿ ಬಟ್ಟೆ ಸುತ್ತಿ ಇಟ್ಟು, ಯಾವ ಹಾಡು ಯಾವ ಚಿತ್ರದ್ದು, ಬರೆದವರು ಯಾರು, ಎಂದು ಪಟ್ಟಿ ಮಾಡಿದವರು ಸಂಬಳಕ್ಕಾಗಿ ದುಡಿದ ಸಂಶೋಧಕರಲ್ಲ, ರಸಿಕರು. ಕಾನ್ಪುರದ ಹರಮಂದಿರ್ ಸಿಂಗ್ ‘ಹಮ್‌ರಾಜ್’ ಹಿಂದಿ ಚಿತ್ರಗೀತೆಗಳ ಕೋಶವನ್ನು ದಶಕ ದಶಕವಾಗಿ, ಸಂಪುಟ ಸಂಪುಟವಾಗಿ ಕಟ್ಟಿದುದು ಇಂಥ ಪ್ರೀತಿಯಿಂದಲೇ. ಸರಕಾರದ ಅಂಚೆ ಚೀಟಿಯಲ್ಲಿ ಸೈಗಲ್ಲರ ಮುಖ ಮೂಡಿದುದು 1995ರಲ್ಲಿ, ಅವರು ಸತ್ತು ನಲವತ್ತೆಂಟು ವರ್ಷಗಳಾದ ಮೇಲೆ. ಅಲ್ಲಿಯವರೆಗೆ ಆ ಕಂಠವನ್ನು ಕಾಪಾಡಿದವರು ಕೇಳುಗರು.

ಇಲ್ಲಿ ನನಗೆ ನಮ್ಮ ದಾಸರ ಪದಗಳ ನೆನಪಾಗುತ್ತದೆ. ಪುರಂದರದಾಸರನ್ನು ಶತಮಾನಗಳುದ್ದಕ್ಕೂ ಉಳಿಸಿದುದರಲ್ಲಿ ಓಲೆಗರಿಗಿಂತ ಬೀಸುವ ಕಲ್ಲಿನ ಮುಂದೆ ಕುಳಿತವರ, ತಂಬೂರಿ ಹಿಡಿದು ಬೀದಿ ಸುತ್ತಿದವರ ಪಾಲು ಕಡಿಮೆಯದಲ್ಲ. ದಾಸರಿಗೂ ಸಿನಿಮಾ ಹಾಡುಗಾರನಿಗೂ ಸಮ ಎಂದು ನಾನು ಹೇಳುತ್ತಿಲ್ಲ. ಹಾಡು ಉಳಿಯುವ ರೀತಿ ಒಂದೇ ಎಂದಷ್ಟೇ ನನ್ನ ಮಾತು. ಯಾರೋ ಒಬ್ಬರು ಅದನ್ನು ತಮ್ಮದೆಂದು ತಿಳಿದು ಬಿಡದೆ ಹಿಡಿದಿರಬೇಕು.

ಹಿಡಿಯುವವರಿಲ್ಲದಿದ್ದರೆ ಏನಾಗುತ್ತದೆಂಬುದನ್ನೂ ನಾವು ಬಲ್ಲೆವು. ‘ಆಲಂ ಆರಾ’ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. 1934ರಲ್ಲಿ ಬೆಂಗಳೂರಿನಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಗತಿಯೂ ಅದೇ. ನಮ್ಮ ಕಂಪನಿ ನಾಟಕಗಳ ಹಾಡಿನ ಪ್ಲೇಟುಗಳು ಯಾರ ಯಾರ ಮನೆಯ ಅಟ್ಟದ ಮೇಲೆ, ಹಳೆಯ ಪಾತ್ರೆಗಳ ನಡುವೆ, ಇನ್ನೂ ಕುಳಿತಿವೆಯೋ. ಸೈಗಲ್ಲರ ಭಕ್ತರಿಂದ ಕಲಿಯಬೇಕಾದುದು ಕಣ್ಣೀರನ್ನಲ್ಲ, ಈ ಜೋಪಾನವನ್ನು. ಗುಜರಿಯವನನ್ನು ಕರೆಯುವ ಮುನ್ನ ಓದುಗರು ಒಮ್ಮೆ ಅಟ್ಟ ಹತ್ತಿ ನೋಡುವುದು ಒಳ್ಳೆಯದು.