ಲೋಯಿಸ್ ಒಗದ ಬೂಟು

ಯಾರ ಮನ್ಯಾಗರ ಗಂಡಸು ಕುಡ್ಯಾಕ ಹತ್ತಿದ ಅಂದ್ರ ಓಣ್ಯಾಗ ಮೊದಲ ಮಾತು ಬರೋದು ಹೆಂಡತಿ ಮ್ಯಾಲೆ. "ಆಕಿ ನೆಟ್ಟಗ ನೋಡಕೊಂಡಿದ್ರ ಅಂವ ಯಾಕ ಕುಡೀತಿದ್ದ?" ಅಂತ ಅತ್ತಿ ಅಂತಾಳ, ಒಮ್ಮೊಮ್ಮೆ ತವರಮನಿಯವರೂ ಅಂತಾರ. ಕೇಳಿ ಕೇಳಿ ಕಡೀಕೆ ಆಕಿನೂ ನಂಬತಾಳ. ಅಕ್ಕಾರ, ಇದು ನಮ್ಮ ಕಡೆ ಅಷ್ಟ ಇರೋದಲ್ಲ. ನೂರು ವರ್ಷದ ಹಿಂದ ಅಮೆರಿಕಾದಾಗೂ ಒಬ್ಬ ಹೆಣ್ಣಮಗಳು ಗಂಡನ ಕುಡಿತ ಬಿಡಸೋ ಭಾರಾ ಎಲ್ಲಾ ತನ್ನ ತಲಿ ಮ್ಯಾಲೆ ಹೊತಗೊಂಡಿದ್ಲು. ಆಕಿ ಹೆಸರು ಲೋಯಿಸ್ ವಿಲ್ಸನ್.

ಲೋಯಿಸ್ 1891ರಾಗ ಬ್ರೂಕ್ಲಿನ್‌ನ ಒಬ್ಬ ಡಾಕ್ಟರ್ ಮನ್ಯಾಗ ಹುಟ್ಟಿದಾಕಿ. 1918ರಾಗ ಬಿಲ್ ವಿಲ್ಸನ್ ಜೋಡಿ ಲಗ್ನ ಆತು. ಬಿಲ್ ಶಾಣ್ಯಾ, ಶೇರು ಪ್ಯಾಟ್ಯಾಗ ರೊಕ್ಕಾ ಕಂಡಾಂವ. ಆದ್ರ ಸೈನ್ಯದಾಗ ಇದ್ದಾಗ ಹತ್ತಿದ ಕುಡಿತ ಬೆಳಕೋತ ಹೋತು. ನಮ್ಮವರು ದೇವರ ಮುಂದ ಆಣಿ ಮಾಡಸ್ತಾರಲ್ಲಾ, ಹಂಗ ಬಿಲ್ ಮನಿ ಬೈಬಲ್ಲಿನಾಗ ಇನ್ನ ಕುಡ್ಯಂಗಿಲ್ಲ ಅಂತ ಬರದು ಕೊಟ್ಟ, ಅದೂ ಒಮ್ಮೆ ಅಲ್ಲ, ಮತ್ತ ಮತ್ತ. ಊರು ಬಿಡಿಸಿದ್ರರ ಕುಡಿತ ಬಿಟ್ಟೀತು ಅಂತ 1925ರಾಗ ಲೋಯಿಸ್ ನೌಕರಿ ಬಿಟ್ಟು, ಸೈಡ್‌ಕಾರ್ ಇದ್ದ ಮೋಟರ್‌ಸೈಕಲ್ ಮ್ಯಾಲೆ ಗಂಡನ ಜೋಡಿ ಊರೂರು ತಿರಿಗಿದ್ಲು. ಅದೂ ಉಪಯೋಗ ಆಗಲಿಲ್ಲ. 1920ರಿಂದ 1933ರ ತನಕ ಆ ದೇಶದಾಗ ಪಾನನಿಷೇಧ ಇತ್ತು. ಬಿಲ್ ಹಾಳಾಗಿದ್ದು ಆ ಕಾಲದಾಗನ. ಕಡೀಕೆ ಲೋಯಿಸ್ ಅಂಗಡ್ಯಾಗ ದುಡದ ಪಗಾರದ ಮ್ಯಾಲೆ ಮನಿ ನಡೀತು.

ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರ್ಯಾಗ ಸಿಲ್ಕ್‌ವರ್ತ್ ಅನ್ನೋ ಡಾಕ್ಟರು ಇದು ಬರೇ ಗುಣದ ದೋಷ ಅಲ್ಲ, ರೋಗ ಅಂತ ತಿಳಿಸಿ ಹೇಳಿದ್ರು. ಒಂದು ಗುಟುಕು ಒಳಗ ಹೋದ್ರ ನಿಲ್ಲಸೋದು ಇಂಥವರ ಕೈಯಾಗ ಉಳಿಯಂಗಿಲ್ಲ ಅನ್ನೋದು ಅವರ ಮಾತಿನ ಸಾರ. ಅಮೆರಿಕಾದ ವೈದ್ಯರ ಸಂಘ ಕುಡಿತದ ವ್ಯಸನವನ್ನ ಕಾಯಿಲೆ ಅಂತ ಒಪ್ಪಿದ್ದು 1956ರಾಗ.

1934ರ ಡಿಸೆಂಬರಿನಾಗ ಬಿಲ್ ಕುಡಿಯೋದು ಬಿಟ್ಟ. ಮರುವರ್ಷ ಆಕ್ರನ್ ಊರಾಗ ಡಾಕ್ಟರ್ ಬಾಬ್ ಅನ್ನೋ ಇನ್ನೊಬ್ಬ ಕುಡುಕ ಭೆಟ್ಟಿ ಆದ. ಕುಡುಕನ ಸಂಕಟ ಕುಡುಕಗ ಗೊತ್ತು. ಇಬ್ಬರೂ ಒಬ್ಬರಿಗೊಬ್ಬರು ಆಸರ ಆದ್ರು. ಹಂಗ ಆಲ್ಕೊಹಾಲಿಕ್ಸ್ ಅನಾನಿಮಸ್ ಶುರು ಆತು. ಲೋಯಿಸ್ ಮನಿ ತುಂಬ ಕುಡಿತ ಬಿಡಲಿಕ್ಕೆ ಬಂದವರು. ಅವರಿಗೆಲ್ಲಾ ಅಡಗಿ ಮಾಡಿ ಹಾಕಿದಾಕಿ ಇಕಿನ.

ಇಲ್ಲಿಗೆ ಕಥಿ ಸುಖವಾಗಿ ಮುಗೀಬೇಕಿತ್ತು. ಆದ್ರ ಒಂದು ದಿನ ಬಿಲ್, ಲಗೂ ನಡಿ, ಮೀಟಿಂಗಿಗೆ ಹೊತ್ತಾತು ಅಂದಾಗ ಲೋಯಿಸ್ ಸಿಟ್ಟೀಲೆ ಬೂಟು ತಗದು ಗಂಡನ ಮ್ಯಾಲೆ ಒಗದ್ಲು. ಆಕಿಗೇ ಆಶ್ಚರ್ಯ ಆತು. ಗಂಡ ಕುಡಿಯೋದು ಬಿಟ್ಟಾನ, ಮತ್ತ ನನಗ ಇಷ್ಟು ಸಿಟ್ಟು ಯಾಕ? ವಿಚಾರ ಮಾಡಿದ ಮ್ಯಾಲೆ ತಿಳೀತು: ಹದಿನೇಳು ವರ್ಷ ತಾನು ಜೀವಾ ತೇದರೂ ಆಗದ್ದನ್ನ ಹೊರಗಿನವರು ಮಾಡಿದ್ರು. ಗಂಡನ್ನ ಕಾಯೋದರಾಗ ತನ್ನ ಬಾಳೇವನ ಆಕಿ ಮರತುಬಿಟ್ಟಿದ್ಲು. ಅಂವ ಸುಧಾರಿಸಿದಾ, ಆದ್ರ ಆಕಿ ಒಳಗಿನ ಗಾಯ ಹಂಗ ಇತ್ತು.

ಗಂಡಸರು ಮೀಟಿಂಗಿನಾಗ ಕೂತಾಗ ಹೆಂಡಂದಿರು ಅಡಗಿಮನ್ಯಾಗ ಚಾ-ಕಾಫಿ ಮಾಡಕೋತ ತಮ್ಮ ಸಂಕಟ ಹಂಚಕೊಳ್ಳತಿದ್ರು. ಅದನ್ನ 1951ರಾಗ ಲೋಯಿಸ್ ಮತ್ತ ಆ್ಯನ್ ಅನ್ನೋ ಗೆಳತಿ ಕೂಡಿ 87 ಗುಂಪುಗಳಿಗೆ ಪತ್ರ ಬರದು ಒಂದು ಸಂಘಟನಾ ಮಾಡಿದ್ರು. ಅದ ಅಲ್-ಅನಾನ್. ಅದು ಹೇಳೋದು ಇಷ್ಟ: ಅವರ ಕುಡಿತಕ್ಕ ನೀ ಕಾರಣ ಅಲ್ಲ, ಅದು ನಿನ್ನ ಹಿಡಿತದಾಗ ಇಲ್ಲ, ಅದಕ್ಕ ನಿನ್ನ ಹತ್ರ ಔಷಧಾನೂ ಇಲ್ಲ. ನಿನ್ನ ಬದುಕು ಮಾತ್ರ ನಿನ್ನ ಕೈಯಾಗ ಅದ.

ನಮ್ಮ ಮಗ್ಗಲಕ ಚೆನ್ನೈನಾಗ ಶಾಂತಿ ರಂಗನಾಥನ್ ಅನ್ನೋರು 1979ರಾಗ ಗಂಡನ್ನ ಕುಡಿತಕ್ಕ ಕಳಕೊಂಡ್ರು. ಮುಸುಕು ಹಾಕ್ಕೊಂಡು ಕೂಡಲಿಲ್ಲ. ಅಮೆರಿಕಾಕ್ಕ ಹೋಗಿ ವ್ಯಸನದ ಚಿಕಿತ್ಸಾ ಕಲತು ಬಂದು, 1980ರಾಗ ಗಂಡನ ಹೆಸರಿಲೆ ಟಿ.ಟಿ. ರಂಗನಾಥನ್ ಪ್ರತಿಷ್ಠಾನ ಕಟ್ಟಿದ್ರು. ಅಲ್ಲೆ ಕುಡಿಯೋರಿಗೆ ಮಾತ್ರ ಅಲ್ಲ, ಅವರ ಮನಿ ಮಂದಿಗೂ ಚಿಕಿತ್ಸಾ ಅದ. 1992ರಾಗ ಅವರಿಗೆ ಪದ್ಮಶ್ರೀ ಬಂತು.

ಹಂಗಂದ್ರ ಕೈ ಕಟಗೊಂಡು ಕೂಡು, ಹೊಡತಾ ತಿನ್ನು ಅಂತಲ್ಲ. ಅವರ ಸಾಲಾ ತೀರಸೋದು, ಆಫೀಸಿಗೆ ಫೋನ್ ಮಾಡಿ ಜ್ವರಾ ಬಂದದ ಅಂತ ಸುಳ್ಳ ಹೇಳೋದು, ಇವನ್ನ ಬಿಡಬೇಕು. ಹೊಡತಾ ಬಂದ್ರ ಮೊದಲು ಮಕ್ಕಳನ್ನ ಕರಕೊಂಡು ಸುರಕ್ಷಿತ ಜಾಗಾಕ್ಕ ಹೋಗಬೇಕು. ವರ್ಷಗಟ್ಟಲೆ ದಿನಾ ಕುಡ್ಯೋರು ಮನ್ಯಾಗ ಒಮ್ಮೆಲೆ ನಿಲ್ಲಿಸಿದ್ರ ಫಿಟ್ಸ್ ಬರಬಹುದು, ಭ್ರಮಾ ಹಿಡೀಬಹುದು, ಜೀವಕ್ಕೂ ಅಪಾಯ. ಡಾಕ್ಟರ ಕಣ್ಣ ಮುಂದ ಬಿಡಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಾಗ ಇದಕ್ಕಂತನ ಒಂದು ಕೇಂದ್ರ ಅದ. ಸರಕಾರದ ಟೆಲಿ-ಮಾನಸ್ ನಂಬರ್ 14416, ಕನ್ನಡದಾಗ ಮಾತಾಡತಾರ, ರೊಕ್ಕಾ ಕೊಡೋದಿಲ್ಲ. ಕುಡಿಯಾಂವ ಒಪ್ಪಲಿ ಬಿಡಲಿ, ಹೆಂಡತಿ, ತಾಯಿ, ಮಗಳು ಮೊದಲು ಫೋನ್ ಮಾಡಬಹುದು.

ಇನ್ನ ಮುಂದ ಓಣ್ಯಾಗ ಯಾರರ "ಆಕಿ ನೆಟ್ಟಗಿದ್ರ…" ಅಂತ ಶುರು ಮಾಡಿದ್ರ, ಅವರಿಗೆ ಒಂದು ವಾಟಗಾ ಚಾ ಕೊಟ್ಟು ಲೋಯಿಸ್ ಕಥಿ ಹೇಳ್ರಿ.