ವರ್ಧಿತ ವಾಸ್ತವವಿದ್ಯೆಯೂ ವಿದ್ಯಾರ್ಥಿಗಳ ಪರಿಶ್ರಮವೂ

ಯಾವದೊಂದು ವಿದ್ಯೆಯು ಫಲಕ್ಕೆ ಬಂದ ಬಳಿಕ ಹಣ್ಣು ಮಾರುವವರ ಹೆಸರು ಊರೆಲ್ಲ ಹಬ್ಬುವದು. ಬೀಜ ಬಿತ್ತಿ ನೀರೆರೆದವರ ಹೆಸರು ಮರೆಯಾಗುವದು. ಮೊಬೈಲ್ ಫೋನಿನಲ್ಲಿ ಕಾಣಬರುವ ಆಗ್‌ಮೆಂಟೆಡ್ ರಿಯಾಲಿಟಿ ಎಂಬ ವಿದ್ಯೆಯ ಚರಿತ್ರೆಯೂ ಇದಕ್ಕೆ ಹೊರತಲ್ಲ. ಇದನ್ನು ಕನ್ನಡದಲ್ಲಿ ವರ್ಧಿತ ವಾಸ್ತವವೆನ್ನಬಹುದು. ಕಣ್ಣೆದುರಿನ ನಿಜದೃಶ್ಯದ ಮೇಲೆ ಗಣಕಯಂತ್ರವು ರಚಿಸಿದ ಚಿತ್ರವನ್ನು, ಅದು ಅಲ್ಲಿಯೇ ನೆಲೆಸಿರುವದೋ ಎಂಬಂತೆ ಹೊಂದಿಸಿ ತೋರಿಸುವದೇ ಇದರ ಲಕ್ಷಣವು.

ಈ ವಿದ್ಯೆಯ ಮೊದಲ ಹೆಜ್ಜೆಯು ಅಮೇರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಬಿದ್ದಿತು. 1968ರಲ್ಲಿ ಈವಾನ್ ಸದರ್‌ಲ್ಯಾಂಡ್ ಎಂಬ ಆಚಾರ್ಯರು ಬಾಬ್ ಸ್ಪ್ರೌಲ್ ಮೊದಲಾದ ವಿದ್ಯಾರ್ಥಿಗಳ ನೆರವಿನಿಂದ ತಲೆಗೆ ಧರಿಸುವ ದರ್ಶನಯಂತ್ರವನ್ನು ನಿರ್ಮಿಸಿದರು. ಅದನ್ನು ಧರಿಸಿದವನಿಗೆ ಕೋಣೆಯ ವಸ್ತುಗಳ ನಡುವೆ ಬರಿಯ ಗೆರೆಗಳ ಆಕೃತಿಗಳು ತೇಲುವಂತೆ ತೋರುತ್ತಿದ್ದವು. ಆದರೆ ತಲೆಯ ಚಲನವನ್ನಳೆಯುವ ಲೋಹದ ತೋಳು ಮೇಲ್ಛಾವಣಿಯಿಂದ ತೂಗುಬಿದ್ದಿದ್ದುದರಿಂದ ನೋಡುವವನು ಆ ಸ್ಥಳವನ್ನು ಬಿಟ್ಟು ದೂರ ಸರಿಯುವಂತಿರಲಿಲ್ಲ.

ಈ ಬಂಧನವು ಕಳಚುವದಕ್ಕೆ ಸುಮಾರು ಮೂವತ್ತು ವರ್ಷಗಳು ಬೇಕಾದವು. 1997ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಆಚಾರ್ಯ ಸ್ಟೀವನ್ ಫೈನರ್ ಅವರೂ, ಬ್ಲೇರ್ ಮ್ಯಾಕಿಂಟೈರ್, ಟೋಬಿಯಾಸ್ ಹೋಲೆರರ್ ಎಂಬ ಸಂಶೋಧಕ ವಿದ್ಯಾರ್ಥಿಗಳೂ, ಆಂಥೋನಿ ವೆಬ್‌ಸ್ಟರ್ ಅವರೂ ಸೇರಿ 'ಟೂರಿಂಗ್ ಮಶೀನ್' ಎಂಬ ಯಂತ್ರವನ್ನು ರಚಿಸಿದರು. ಇದನ್ನು ತೊಟ್ಟು ವಿದ್ಯಾಲಯದ ಆವರಣದಲ್ಲಿ ಸಂಚರಿಸುವವನಿಗೆ ಕಟ್ಟಡಗಳ ಮೇಲೆ ಅವುಗಳ ಹೆಸರುಗಳು ತೋರಿಬರುತ್ತಿದ್ದವು. ನಡೆಯುವ ಸ್ವಾತಂತ್ರ್ಯವೇನೋ ದೊರೆಯಿತು. ಆದರೆ ಬೆನ್ನ ಮೇಲೆ ಸುಮಾರು 18 ಕಿಲೋಗ್ರಾಂ ಹೊರೆಯನ್ನು ಹೊರಬೇಕಾಯಿತು!

ಇಷ್ಟು ಹೊರೆ ಏತಕ್ಕೆಂದರೆ, ನೋಡುವವನು ಎಲ್ಲಿ ನಿಂತು ಎತ್ತ ನೋಡುತ್ತಿರುವನೆಂಬದನ್ನು ಯಂತ್ರವು ಕ್ಷಣಕ್ಷಣಕ್ಕೂ ತಿಳಿಯಬೇಕು. ತಿಳಿದು, ಅದಕ್ಕೆ ತಕ್ಕ ಚಿತ್ರವನ್ನು ತತ್‌ಕ್ಷಣವೇ ಬರೆಯಬೇಕು. ಲೆಕ್ಕವು ತುಸು ತಪ್ಪಿದರೂ ಚಿತ್ರವು ವಸ್ತುವಿನಿಂದ ಜಾರಿಹೋಗುವದು. ಈ ತೊಡಕಿಗೆ ಜಪಾನದ ಹಿರೋಕಾಜು ಕಾಟೊ ಅವರೂ ಮಾರ್ಕ್ ಬಿಲ್ಲಿಂಗ್‌ಹರ್ಸ್ಟ್ ಅವರೂ 1999ರಲ್ಲಿ ಒಂದು ಸುಲಭೋಪಾಯವನ್ನು ಪ್ರಕಟಿಸಿದರು. ಕಾಗದದ ಮೇಲೆ ಕಪ್ಪು ಅಂಚಿನ ಚೌಕವೊಂದನ್ನು ಮುದ್ರಿಸಿಟ್ಟರೆ, ಅದರ ನಾಲ್ಕು ಮೂಲೆಗಳು ಕ್ಯಾಮರಾಕ್ಕೆ ಕಾಣುವ ರೀತಿಯಿಂದಲೇ ಕ್ಯಾಮರಾದ ನೆಲೆಯನ್ನು ಗಣಿಸಬಹುದು. 'ಎಆರ್‌ಟೂಲ್‌ಕಿಟ್' ಎಂಬ ಈ ಸಾಧನವನ್ನು ಅವರು ಮೂಲಲಿಪಿಸಹಿತವಾಗಿ ಸಂಶೋಧಕರಿಗೆ ಉಚಿತವಾಗಿ ಒದಗಿಸಿದರು. ಈ ವಿದ್ಯಾದಾನವೇ ಮುಂದಿನ ಕಾರ್ಯಕ್ಕೆ ಬುನಾದಿಯಾಯಿತು.

2003ರಲ್ಲಿ ವಿಯೆನ್ನಾದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಡೇನಿಯಲ್ ವಾಗ್ನರ್ ಎಂಬ ಸಂಶೋಧಕ ವಿದ್ಯಾರ್ಥಿಯು ಗುರುಗಳಾದ ಡೀಟರ್ ಶ್ಮಾಲ್‌ಸ್ಟೀಗ್ ಅವರೊಡನೆ ಆ ಸಾಧನವನ್ನು ಅಂಗೈಯಗಲದ ಗಣಕಕ್ಕೆ ಅಳವಡಿಸಿದರು. ಆ ಪುಟ್ಟ ಯಂತ್ರಕ್ಕೆ ದಶಾಂಶದ ಲೆಕ್ಕವನ್ನು ಶೀಘ್ರವಾಗಿ ಮಾಡುವ ಅಂಗವೇ ಇರಲಿಲ್ಲ. ಆದುದರಿಂದ ಲೆಕ್ಕಗಳನ್ನು ಪೂರ್ಣಾಂಕಗಳಿಗೆ ಇಳಿಸಿ ಕಾರ್ಯವನ್ನು ಸಾಧಿಸಬೇಕಾಯಿತು. 2004ರಲ್ಲಿ ಜರ್ಮನಿಯ ವೈಮಾರ್ ನಗರದ ವಿದ್ಯಾರ್ಥಿಗಳಾದ ಮಥಿಯಾಸ್ ಮೋರಿಂಗ್, ಕ್ರಿಶ್ಚಿಯನ್ ಲೆಸಿಗ್ ಎಂಬವರು ಆಲಿವರ್ ಬಿಂಬರ್ ಅವರೊಡನೆ, ಜನಸಾಮಾನ್ಯರು ಬಳಸುವ ಮೊಬೈಲ್ ಫೋನಿನಲ್ಲಿಯೇ ಇದನ್ನು ತೋರಿಸಿದರು. 2005ರಲ್ಲಿ ಸ್ವೀಡನ್ನಿನ ಲಿಂಕೋಪಿಂಗ್ ವಿಶ್ವವಿದ್ಯಾಲಯದ ಸಂಶೋಧಕ ವಿದ್ಯಾರ್ಥಿ ಆಂಡರ್ಸ್ ಹೆನ್ರಿಸನ್ ಅವರೂ ಎಆರ್‌ಟೂಲ್‌ಕಿಟ್ಟನ್ನು ಫೋನಿಗೆ ತಂದು, ಸಂಗಡಿಗರೊಡನೆ ಟೆನಿಸ್ ಆಟವೊಂದನ್ನು ರಚಿಸಿದರು. ಇಬ್ಬರು ಮೇಜಿನ ಎದುರುಬದುರು ಕುಳಿತು ಫೋನುಗಳನ್ನೇ ದಾಂಡುಗಳನ್ನಾಗಿ ಹಿಡಿದು, ಇಲ್ಲದ ಚೆಂಡನ್ನು ಹೊಡೆದಾಡಿದರು. ಹೀಗೆ ಬೆನ್ನ ಹೊರೆಯು ಎಂಟೇ ವರ್ಷಗಳಲ್ಲಿ ಅಂಗೈಗೆ ಇಳಿಯಿತು.

ಬಳಿಕ ಕಪ್ಪು ಚೌಕದ ಅವಶ್ಯಕತೆಯೂ ತಪ್ಪಿತು. 2016ರಲ್ಲಿ ಪೋಕೆಮಾನ್ ಗೋ ಎಂಬ ಆಟವು ಲೋಕಪ್ರಸಿದ್ಧವಾಯಿತು. 2017ರಲ್ಲಿ ಆ್ಯಪಲ್, ಗೂಗಲ್ ಸಂಸ್ಥೆಗಳು ಈ ವಿದ್ಯೆಯ ಉಪಕರಣಗಳನ್ನು ತಮ್ಮ ತಮ್ಮ ಫೋನುಗಳಿಗಾಗಿ ಹೊರತಂದವು. ಆ ಹೆಸರುಗಳನ್ನು ಬಾಲಕರೂ ಬಲ್ಲರು. ಆದರೆ ವಾಗ್ನರ್, ಹೆನ್ರಿಸನ್ ಎಂಬ ಹೆಸರುಗಳನ್ನು ಬಲ್ಲವರು ವಿರಳ.

ವಾಚಕರೆ, ಈ ವೃತ್ತಾಂತದಿಂದ ಗ್ರಹಿಸತಕ್ಕ ತತ್ತ್ವಗಳು ಎರಡು. ಸಾಧನಗಳ ಕೊರತೆಯು ಜಿಜ್ಞಾಸುವಿಗೆ ಅಡ್ಡಿಯಲ್ಲ. ಅಲ್ಪಶಕ್ತಿಯ ಯಂತ್ರವೇ ಆ ವಿದ್ಯಾರ್ಥಿಗಳಿಗೆ ಮಿತವ್ಯಯದ ಗಣಿತವನ್ನು ಕಲಿಸಿತು. ಎರಡನೆಯದಾಗಿ, ಬಲ್ಲವರು ತಮ್ಮ ವಿದ್ಯೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರೆ, ದೂರದೇಶದ ವಿದ್ಯಾರ್ಥಿಗಳು ಮೊದಲಿನಿಂದಲೇ ಆರಂಭಿಸಬೇಕಾಗುತ್ತಿದ್ದಿತು. ಕೊಟ್ಟ ವಿದ್ಯೆಯು ಕೆಡದೆ ಬೆಳೆಯುವದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕೆ?