ಊರ ಸೊತ್ತು, ಊರ ಪಾಲನೆ

ಕಲಬುರಗಿಯಿಂದ ಜೇವರ್ಗಿಯ ಕಡೆಗೆ ಹೋಗುವ ದಾರಿಯಲ್ಲಿ, ನಗರವು ತನ್ನ ಹಳೆಯ ಎಲ್ಲೆಯನ್ನು ಮೀರಿ ಎರೆಯ ಹೊಲಗಳ ಮೇಲೆ ಬಡಾವಣೆಗಳನ್ನು ಹಬ್ಬಿಸಿರುವ ಭಾಗದಲ್ಲಿ, ಕೋಟನೂರವೆಂಬ ಊರುಂಟು. ಕಂದಾಯದ ಕಾಗದಪತ್ರಗಳಲ್ಲಿ ಕೋಟನೂರ (ಡಿ) ಎಂದು ಬರೆಯಿಸಿಕೊಳ್ಳುವ ಈ ಊರು, ಜೋಳ ತೊಗರಿಗಳನ್ನು ಬೆಳೆದು, ಚಾವಡಿಯಲ್ಲಿ ಕೂಡಿ, ತನ್ನ ಬಾವಿಯ ನೀರನ್ನು ಕುಡಿದು ಬಾಳಿದ ಈ ಸೀಮೆಯ ನೂರಾರು ಹಳ್ಳಿಗಳ ಪಂಕ್ತಿಗೆ ಸೇರಿದ್ದು; ಇಂದಾದರೋ ಭೀಮಾನದಿಯ ನೀರು ಸರಡಗಿಯಿಂದ ಕೊಳವೆಗಳಲ್ಲಿ ಬಂದು, ಇಲ್ಲಿಯ ಘಟಕದಲ್ಲಿ ಶುದ್ಧವಾಗಿ, ನಗರದ ಮನೆಗಳಿಗೆ ಹರಿಯುತ್ತದೆ. ಈ ಎರಡು ಸ್ಥಿತಿಗಳ ನಡುವೆ ಗ್ರಾಮಸಭೆಗಳ ಮತ್ತು ಗ್ರಾಮದ ಸಾರ್ವಜನಿಕ ಕಾರ್ಯಗಳ ದೀರ್ಘವಾದ ಇತಿಹಾಸವೊಂದು ಅಡಗಿದೆ. ಅದನ್ನು ಬರೆಯಹೊರಟವರು ಸಾಮಾನ್ಯವಾಗಿ ಕಟ್ಟಿದುದನ್ನು ಎಣಿಸುತ್ತಾರೆ: ಇಷ್ಟು ಬಾವಿ, ಇಷ್ಟು ಶಾಲೆ, ಇಷ್ಟು ರಸ್ತೆ. ಕಟ್ಟಿದುದನ್ನು ಮರುವರ್ಷ ನೋಡಿಕೊಂಡವರಾರು, ಅವರ ಜೀವನಕ್ಕೆ ಆಧಾರವೇನಿತ್ತು ಎಂದು ಕೇಳಿ ನೋಡಿದರೆ, ಅದೇ ಇತಿಹಾಸವು ಬೇರೊಂದು ಕ್ರಮದಲ್ಲಿ ಕಾಣತೊಡಗುತ್ತದೆ.

ಈ ಪ್ರಶ್ನೆಯನ್ನು ಬಹು ಹಿಂದೆಯೇ ಗಂಭೀರವಾಗಿ ಎತ್ತಿಕೊಂಡ ಪಂಡಿತನೊಬ್ಬನು ಈ ಸೀಮೆಗೇ ಸೇರಿದವನೆಂಬುದು ಸಂತೋಷದ ಸಂಗತಿ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದ ವಿಜ್ಞಾನೇಶ್ವರನನ್ನು ಇಲ್ಲಿಯ ಜನ ಮರತೂರಿನವನೆಂದು ಅಭಿಮಾನದಿಂದ ಸ್ಮರಿಸುತ್ತಾರೆ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ರಚಿಸಿದ ಮಿತಾಕ್ಷರಾ ವ್ಯಾಖ್ಯಾನವು ಕುಟುಂಬದ ಆಸ್ತಿಯ ಹಂಚಿಕೆಯ ವಿಷಯದಲ್ಲಿ ಭಾರತದ ಬಹುಭಾಗಕ್ಕೆ ಪ್ರಮಾಣವಾಗಿ, ಬ್ರಿಟಿಷರ ನ್ಯಾಯಾಲಯಗಳಲ್ಲಿಯೂ ಮನ್ನಣೆ ಪಡೆಯಿತು. ಆ ಖ್ಯಾತಿಯ ನೆರಳಿನಲ್ಲಿ ಮರೆಯಾದ ಮತ್ತೊಂದು ಪ್ರಕರಣವಿದೆ. ಸಂವಿದ್ವ್ಯತಿಕ್ರಮವೆಂಬ ಹೆಸರಿನ ಅದು ಸಮೂಹಗಳು ತಮ್ಮೊಳಗೆ ಮಾಡಿಕೊಂಡ ಕಟ್ಟಳೆಗಳನ್ನು ಮುರಿಯುವ ಅಪರಾಧವನ್ನು ಕುರಿತದ್ದು. ಸ್ವಧರ್ಮಕ್ಕೆ ವಿರೋಧವಿಲ್ಲದಿರುವಲ್ಲಿ, ಜನರು ಕೂಡಿ ಒಪ್ಪಿಕೊಂಡ ಕಟ್ಟಳೆಯೂ ಪಾಲಿಸತಕ್ಕದ್ದೆಂದು ಸ್ಮೃತಿಯು ಹೇಳಿದರೆ, ಅಂಥ ಕಟ್ಟಳೆಗೆ ವಿಜ್ಞಾನೇಶ್ವರನು ಕೊಡುವ ಉದಾಹರಣೆಗಳು ಮೂರು: ದನಗಳು ಮೇಯುವ ನೆಲ, ನೀರಿನ ರಕ್ಷಣೆ, ದೇವಾಲಯದ ಪಾಲನೆ. ಸಮೂಹದ ಸೊತ್ತನ್ನು ಅಪಹರಿಸಿದವನ ಸರ್ವಸ್ವವನ್ನೂ ಕಿತ್ತುಕೊಂಡು ಅವನನ್ನು ನಾಡಿನಿಂದ ಹೊರಗಟ್ಟಬೇಕೆಂಬುದು ಅಲ್ಲಿಯ ದಂಡವಿಧಿ. ಅವನು ಹೆಸರಿಸಿದ ಮೂರೂ ಇದ್ದುದನ್ನು ಕಾಯುವ ಕೆಲಸಗಳು. ಹೊಸದಾಗಿ ಕಟ್ಟುವುದರ ಮಾತು ಅಲ್ಲಿ ಬರುವುದೇ ಇಲ್ಲ. ಕಟ್ಟಿಸಲು ದೊರೆಗಳೂ ದಾನಿಗಳೂ ಇದ್ದರು. ಕಾಯುವ ಹೊಣೆ ಮಾತ್ರ ಊರಿನದಾಗಿತ್ತು.

ಶಾಸ್ತ್ರದಲ್ಲಿದ್ದ ಈ ವಿವೇಕವು ಆಚರಣೆಯಲ್ಲಿಯೂ ಇತ್ತೆಂಬುದಕ್ಕೆ ಶಾಸನಗಳು ಸಾಕ್ಷಿಯಾಗಿವೆ. ಚಿತ್ತಾಪುರದ ಸಮೀಪದ ನಾಗಾವಿಯಲ್ಲಿ, ಒಂದನೆಯ ಸೋಮೇಶ್ವರನ ಆಳ್ವಿಕೆಯ 1058ರ ಶಾಸನವು ಅಲ್ಲಿಯ ಘಟಿಕಾಸ್ಥಾನವೆಂಬ ವಿದ್ಯಾಶಾಲೆಯ ವ್ಯವಸ್ಥೆಯನ್ನು ವಿವರಿಸುತ್ತದೆ. ಮಧುಸೂದನನೆಂಬ ದಂಡನಾಯಕನು ವಿದ್ಯಾಶಾಲೆಯನ್ನು ಸ್ಥಾಪಿಸಿ ಕೈತೊಳೆದುಕೊಳ್ಳಲಿಲ್ಲ. ವೇದವನ್ನೂ ಶಾಸ್ತ್ರವನ್ನೂ ಓದುವವರ ಸಂಖ್ಯೆಯನ್ನು ಗೊತ್ತುಪಡಿಸಿ, ಅವರಿಗೆ ಕಲಿಸುವ ಉಪಾಧ್ಯಾಯರನ್ನು ನೇಮಿಸಿದುದಲ್ಲದೆ, ಗ್ರಂಥಗಳನ್ನು ಕಾಪಾಡುವುದಕ್ಕಾಗಿಯೇ ಆರು ಮಂದಿ ಸರಸ್ವತೀ ಭಂಡಾರಿಗರನ್ನು ನಿಯಮಿಸಿದನು. ತಾಳೆಗರಿಯ ಗ್ರಂಥವೆಂದರೆ ಒಮ್ಮೆ ಬರೆದಿಟ್ಟರೆ ಉಳಿಯುವ ವಸ್ತುವಲ್ಲ; ಹುಳುವಿನಿಂದಲೂ ತೇವದಿಂದಲೂ ಅದನ್ನು ಕಾಯಬೇಕು, ಗರಿ ಜೀರ್ಣವಾದಾಗ ಪ್ರತಿ ತೆಗೆಯಬೇಕು. ಗ್ರಂಥವಿದ್ದಲ್ಲಿ ಗ್ರಂಥಪಾಲಕನೂ, ಪಾಲಕನಿದ್ದಲ್ಲಿ ಅವನ ವೃತ್ತಿಯೂ ಇರತಕ್ಕದ್ದೆಂಬ ಈ ತಿಳಿವಳಿಕೆ ಅರಮನೆಯಿಂದ ದೂರದ ಊರೊಂದರಲ್ಲಿ, ಸುಮಾರು ಒಂದು ಸಾವಿರ ವರ್ಷಗಳ ಹಿಂದೆ, ಕಲ್ಲಿನ ಮೇಲೆ ಅಕ್ಷರರೂಪ ತಾಳಿತೆಂಬುದನ್ನು ಇಂದಿನ ಗ್ರಾಮಗ್ರಂಥಾಲಯಗಳನ್ನು ನಡೆಸುವವರು ನೆನೆಯಬೇಕಾಗಿದೆ.

ಬಹಮನಿ ಸುಲ್ತಾನರು ಬಂದು ಹೋದರು. ಬಿಜಾಪುರದ ಆದಿಲಶಾಹಿಯೂ ಮೊಗಲರೂ ಆಳಿದರು. ಕೊನೆಗೆ ಸೀಮೆಯು ಹೈದರಾಬಾದಿನ ನಿಜಾಮರ ವಶವಾಯಿತು. ಇಷ್ಟು ಪ್ರಭುತ್ವಗಳು ಬದಲಾದರೂ ಹಳ್ಳಿಯ ಅಂಗವಿಧಾನವು ತನ್ನ ಮೂಲರೂಪವನ್ನು ಬಹುಮಟ್ಟಿಗೆ ಉಳಿಸಿಕೊಂಡಿದ್ದಿತು. ಕಂದಾಯಕ್ಕೆ ಮಾಲಿಪಾಟೀಲ, ಶಾಂತಿರಕ್ಷಣೆಗೆ ಪೊಲೀಸ್ ಪಾಟೀಲ, ಲೆಕ್ಕಕ್ಕೆ ಕುಲಕರ್ಣಿ, ಕಾವಲಿಗೆ ತಳವಾರ, ಓಡಾಟದ ಕೆಲಸಕ್ಕೆ ವಾಲೀಕಾರ; ಇವರಲ್ಲದೆ ಬಡಿಗ, ಕಂಬಾರ, ಕುಂಬಾರ ಮೊದಲಾದವರು ಊರಿನ ಆಯಗಾರರು. ರಾಶಿಯ ಕಾಲದಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಕಾಳನ್ನು ಪಡೆದು, ವರ್ಷವಿಡೀ ಊರಿನ ಕೆಲಸ ಮಾಡಿಕೊಡುವುದು ಇವರ ರೂಢಿ. ಊರ ಕಾವಲಿನ ಹುಡೆಯ ಗೋಡೆ ಜರಿದರೆ, ಅಗಸಿಯ ಬಾಗಿಲು ಸಡಿಲವಾದರೆ, ದನ ಮೇಯುವ ಗಾಯರಾಣದಲ್ಲಿ ಯಾರಾದರೂ ನೇಗಿಲು ಹೂಡಿದರೆ, ಅದನ್ನು ಚಾವಡಿಯ ಕಟ್ಟೆಯ ಮೇಲೆ ಪಂಚರು ಕುಳಿತು ವಿಚಾರಿಸುತ್ತಿದ್ದರು. ಯಾರ ಕೆಲಸ ಯಾವುದೆಂಬುದು ಮೊದಲೇ ಗೊತ್ತಿದ್ದುದರಿಂದ ವಿಚಾರಣೆಯು ಬೇಗನೆ ಮುಗಿಯುತ್ತಿತ್ತು.

ಬಾವಿಯ ಹೂಳು ತೆಗೆಯುವ ಸಂದರ್ಭವೊಂದನ್ನು ನೋಡಿದರೆ ಈ ವ್ಯವಸ್ಥೆಯ ನಡೆ ಸ್ಪಷ್ಟವಾಗುತ್ತದೆ. ಬೇಸಿಗೆಯ ಕೊನೆಯಲ್ಲಿ, ನೀರು ತಳ ಕಂಡು, ಹಗ್ಗದ ಉಜ್ಜಿಗೆ ಸವೆದ ದಂಡೆಯ ಕಲ್ಲುಗಳ ಮೇಲೆ ಕೊಡಗಳು ಬಹಳ ಹೊತ್ತು ಕಾಯತೊಡಗಿದಾಗ, ಊರಲ್ಲಿ ಡಂಗುರ ಹೊಡೆಸಿ, ಮನೆಗೊಂದು ಆಳಿನಂತೆ ಜನರನ್ನು ಕರೆಯುವರು. ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತವರ ಕೈಯಿಂದ ಕೈಗೆ ಕೆಸರಿನ ಬುಟ್ಟಿ ಮೇಲೇರುವುದು. ತಳದಲ್ಲಿ ನಿಂತವರು ಸೆಲೆಯ ಬಾಯಿಗೆ ಅಡ್ಡಬಿದ್ದ ಕಲ್ಲನ್ನು ಸರಿಸುವರು. ಹೂಳಿನಲ್ಲಿ ಸಿಕ್ಕ ತಂಬಿಗೆ, ಬಿಂದಿಗೆಗಳು ಗುರುತು ಹೇಳಿದವರ ಪಾಲಿಗೆ ಮರಳುವುವು. ಬಾರದವನ ಮನೆಯಿಂದ ಜೋಳವೋ ದಂಡವೋ ಬರಬೇಕು. ಮಳೆಗಾಲದಲ್ಲಿ ಬಾವಿಯು ತುಂಬಿದಾಗ ಅದು ದೈವದ ಕೃಪೆಯೆಂದು ಎಲ್ಲರೂ ಹೇಳುತ್ತಿದ್ದರೂ, ಬೇಸಿಗೆಯ ಆ ಕೆಲಸವು ತಪ್ಪಿದ ವರ್ಷ ಕೃಪೆಯೂ ಕಡಿಮೆಯಾಗುವುದೆಂಬುದು ಒಬ್ಬರಿಗೂ ತಿಳಿಯದ ವಿಷಯವಾಗಿರಲಿಲ್ಲ.

ಆದರೆ ಈ ಚಿತ್ರವನ್ನು ಇಷ್ಟಕ್ಕೇ ನಿಲ್ಲಿಸಿದರೆ ಅದು ಅರ್ಧಸತ್ಯ. ಹೂಳಿನ ಕೆಸರನ್ನು ಹೊತ್ತವರಲ್ಲಿ ಅನೇಕರಿಗೆ ಆ ಬಾವಿಯ ನೀರನ್ನು ಮುಟ್ಟುವ ಅಧಿಕಾರವಿರಲಿಲ್ಲ. ಊರ ಹೊರಗಿನ ಕೇರಿಯ ಹೆಂಗಸರು ಮೇಲುಜಾತಿಯವರು ಯಾರಾದರೂ ಬಂದು ಕೊಡಕ್ಕೆ ನೀರೆರೆಯುವವರೆಗೆ ದೂರ ನಿಂತು ಕಾಯಬೇಕಾಗಿತ್ತು. ಆಯದ ಕಾಳಿನಲ್ಲಿಯೂ ಮೇಲು ಕೀಳಿನ ಅಳತೆಯಿತ್ತು, ಬಿಟ್ಟಿಯ ದುಡಿಮೆಯಿತ್ತು. ಚಾವಡಿಯ ಕಟ್ಟೆಯ ಮೇಲೆ ಹೆಣ್ಣುಮಕ್ಕಳಿಗೆ ಎಡೆಯಿರಲಿಲ್ಲವಾದರೂ, ನೀರಿನ ಚಿಂತೆಯ ಮುಕ್ಕಾಲು ಪಾಲು ಅವರ ತಲೆಯ ಮೇಲೆಯೇ ಇತ್ತು. ಹಳೆಯ ಊರಸಭೆಯು ಪಾಲನೆಯ ಕ್ರಮವನ್ನು ಬಲ್ಲುದಾಗಿತ್ತು. ಪಾಲಿನ ನ್ಯಾಯವನ್ನು ಅದು ಕಲಿಯಲಿಲ್ಲ. ಮುಂದಿನ ಕಾಲದ ಕಥೆಯು ಬಹುಮಟ್ಟಿಗೆ ಇದರ ವಿಪರ್ಯಾಸ: ನ್ಯಾಯವು ನಿಧಾನವಾಗಿ ಶಾಸನರೂಪದಲ್ಲಿ ಹಳ್ಳಿಯನ್ನು ಪ್ರವೇಶಿಸಿತು, ಪಾಲನೆಯ ಕ್ರಮವು ಅಷ್ಟೇ ನಿಧಾನವಾಗಿ ಹೊರಟುಹೋಯಿತು.

1853ರಲ್ಲಿ ಹೈದರಾಬಾದಿನ ದಿವಾನನಾದ ಮೊದಲನೆಯ ಸಾಲಾರ್‌ಜಂಗನು, ಕಂದಾಯವನ್ನು ಗುತ್ತಿಗೆದಾರರಿಗೆ ವಹಿಸುವ ದುಷ್ಟ ಪದ್ಧತಿಯನ್ನು ತೊಡೆದು, 1865ರಲ್ಲಿ ರಾಜ್ಯವನ್ನು ಜಿಲ್ಲೆಗಳಾಗಿ ವಿಂಗಡಿಸುವ ಜಿಲ್ಲಾಬಂದಿಯನ್ನು ಜಾರಿಗೆ ತಂದನು. ತಾಲೂಕದಾರರೂ ತಹಶೀಲದಾರರೂ ಬಂದರು, ಭೂಮಾಪನವಾಯಿತು, ಕಂದಾಯದ ಪ್ರತಿ ರೂಪಾಯಿಗೆ ಒಂದು ಆಣೆಯಂತೆ ಸ್ಥಳೀಯ ಉಪಕರವನ್ನು ಎತ್ತುವ ರೂಢಿಯೂ ಬಂದಿತು. ಆಡಳಿತದ ದೃಷ್ಟಿಯಿಂದ ಇದು ದೊಡ್ಡ ಸುಧಾರಣೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಊರ ಕೆಲಸಕ್ಕೆಂದು ಎತ್ತಿದ ಆಣೆಯು ಊರಿನಿಂದ ಹೊರಟು, ಜಿಲ್ಲೆಯ ಖಜಾನೆಯನ್ನು ಸೇರಿ, ಉರ್ದು ದಫ್ತರುಗಳಲ್ಲಿ ಸುತ್ತಾಡಿ, ಮರಳಿ ಅದೇ ಊರಿಗೆ ಬರುವ ಭರವಸೆಯೇನೂ ಇರಲಿಲ್ಲ. ಜಹಗೀರಿನ ಹಳ್ಳಿಗಳಲ್ಲಂತೂ ಎಲ್ಲವೂ ಒಡೆಯನ ಮರ್ಜಿಯ ಮೇಲೆ ನಿಂತಿತ್ತು. ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ತೋಟಸೀಮೆಯಲ್ಲಾಗಲಿ, ಕೋಟನೂರದ ಸುತ್ತಿನ ಎರೆಯ ಬಯಲಿನಲ್ಲಾಗಲಿ, ರೈತನಿಗೆ ಸರ್ಕಾರವೆಂದರೆ ಕೇಳಲು ಬರುವ ಕೈಯಾಗಿ ಕಂಡಿತೇ ಹೊರತು, ಕೂಡಿ ಮಾಡುವ ಕೈಯಾಗಿ ಕಾಣಲಿಲ್ಲ.

1948ರ ಸೆಪ್ಟೆಂಬರ್ 17ರಂದು ನಿಜಾಮಶಾಹಿ ಮುಗಿಯಿತು. ಮರುವರ್ಷ ಜಹಗೀರುಗಳು ರದ್ದಾದುವು. 1952ರ ಗಾಂಧಿಜಯಂತಿಯಂದು ಸಮುದಾಯ ಅಭಿವೃದ್ಧಿ ಯೋಜನೆಯು ದೇಶದಲ್ಲಿ ಪ್ರಾರಂಭವಾಯಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಬಾವಿಯ ಬಳಿ ತಡೆದು ನಿಲ್ಲಿಸುವುದನ್ನು ದಂಡನೀಯವಾಗಿಸಿತು. 1956ರಲ್ಲಿ ಹೈದರಾಬಾದ್ ರಾಜ್ಯವು ಗ್ರಾಮಪಂಚಾಯತಿಗಳ ಕಾಯಿದೆಯೊಂದನ್ನು ಮಾಡಿತಾದರೂ, ಅದೇ ವರ್ಷದ ನವೆಂಬರ್ 1ರಂದು ಆ ರಾಜ್ಯವೇ ಇಲ್ಲವಾಗಿ, ಕಲಬುರಗಿಯು ವಿಶಾಲ ಮೈಸೂರಿಗೆ ಸೇರಿತು. ಐದು ಆಡಳಿತಗಳಿಂದ ಬಂದ ಕನ್ನಡ ಪ್ರದೇಶಗಳಿಗೆ ಏಕರೂಪದ ಪಂಚಾಯತಿಯನ್ನು ಕೊಟ್ಟದ್ದು 1959ರ ಮೈಸೂರು ಗ್ರಾಮಪಂಚಾಯತಿ ಮತ್ತು ಸ್ಥಳೀಯ ಮಂಡಳಿಗಳ ಕಾಯಿದೆ. ಮತದಿಂದ ಆರಿಸಿಬಂದ ಸಭೆ, ಬರೆದಿಟ್ಟ ನಡಾವಳಿ, ಸರ್ಕಾರದ ಅನುದಾನ, ಇವೆಲ್ಲವೂ ಹೊಸವು. ಹಾಗೆಯೇ ಹೊಸತಾದ ಒಂದು ಅಭ್ಯಾಸವೂ ಬೆಳೆಯಿತು: ಹಣವು ಕಾಮಗಾರಿಯ ಹೆಸರಿನಲ್ಲಿಯೇ ಬರುತ್ತಿದ್ದುದರಿಂದ, ಕಾಮಗಾರಿಯನ್ನು ಮುಗಿಸಿ ಲೆಕ್ಕ ಒಪ್ಪಿಸಿದರೆ ಸಭೆಯ ಧರ್ಮವು ತೀರಿತೆಂಬ ಭಾವನೆ.

ಈ ಭಾವನೆಯನ್ನು ಅಲುಗಿಸಲು ಯತ್ನಿಸಿದವರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರದ ಸಚಿವರಾಗಿದ್ದ ಅಬ್ದುಲ್ ನಜೀರ್‌ಸಾಬರ ಹೆಸರು ಮೊದಲು ಬರತಕ್ಕದ್ದು. 1983ರ ಕಾಯಿದೆಯಿಂದ ಜಿಲ್ಲಾ ಪರಿಷತ್ತುಗಳೂ ಮಂಡಲ ಪಂಚಾಯತಿಗಳೂ ರೂಪುಗೊಂಡು, 1987ರಲ್ಲಿ ಚುನಾವಣೆ ನಡೆದು, ನೂರಕ್ಕೆ ಇಪ್ಪತ್ತೈದು ಸ್ಥಾನಗಳಲ್ಲಿ ಹೆಂಗಸರು ಬಂದು ಕುಳಿತರು. ಬರಡು ಜಿಲ್ಲೆಗಳ ಊರೂರಿಗೆ ಕೊಳವೆಬಾವಿ ಕೊರೆಯಿಸಿದ ನಜೀರ್‌ಸಾಬರನ್ನು ಜನ ನೀರ್‌ಸಾಬರೆಂದೇ ಕರೆದರು. ಕೇರಿಯ ನಡುವೆ ನೆಟ್ಟ ಬೋರಿಂಗಿನಿಂದ, ಯಾರ ದಯೆಗೂ ಕಾಯದೆ, ತನ್ನ ಕೈಯಿಂದಲೇ ನೀರು ಜಗ್ಗಿದ ಹೆಣ್ಣುಮಗಳಿಗೆ ಅದು ಯಂತ್ರಕ್ಕಿಂತ ದೊಡ್ಡ ವಸ್ತುವಾಗಿತ್ತು. ಆದರೆ ಆ ಬೋರಿಂಗಿನ ಒಳಗೆ ಸವೆಯುವ ತೊಗಲಿನ ವಾಷರೊಂದಿದೆ. ಅದು ಸವೆದಾಗ, ಹತ್ತು ಸಲ ಒತ್ತಿದರೂ ನೀರು ಮೇಲೇರದು. ಕೊಳವೆಗಳನ್ನು ಒಂದೊಂದಾಗಿ ಮೇಲಕ್ಕೆಳೆದು, ಅದನ್ನು ಬದಲಿಸಿ, ಮತ್ತೆ ಇಳಿಬಿಡಬೇಕು. ಬಡಿಗನೂ ಕಂಬಾರನೂ ಕಲಿಯಲಾರದ ವಿದ್ಯೆಯೇನಲ್ಲ. ಆದರೂ ಅದನ್ನು ಮಾಡುವವನು ತಾಲೂಕಿನಿಂದ ಬರಬೇಕಾದ ಕಡೆಗಳಲ್ಲಿ, ಅಲ್ಪ ಬೆಲೆಯ ತೊಗಲಿನ ತುಂಡಿಗಾಗಿ ಕೇರಿಯು ವಾರಗಟ್ಟಲೆ ಕಾದದ್ದುಂಟು. ಬಾವಿಯ ನ್ಯಾಯವು ಕೇರಿಗೆ ಬಂದಿತ್ತು. ಬಾವಿಯ ಆಯಗಾರನು ಬಂದಿರಲಿಲ್ಲ.

1993ರಲ್ಲಿ ಸಂವಿಧಾನದ 73ನೆಯ ತಿದ್ದುಪಡಿಯೂ, ಅದನ್ನನುಸರಿಸಿ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮವೂ ಬಂದು, ಪಂಚಾಯತಿಗಳಿಗೆ ಒಪ್ಪಿಸತಕ್ಕ 29 ವಿಷಯಗಳ ಪಟ್ಟಿಯು ಹನ್ನೊಂದನೆಯ ಅನುಸೂಚಿಯಲ್ಲಿ ಸೇರಿತು. ಕುಡಿಯುವ ನೀರು, ಮೇವು, ಗ್ರಂಥಾಲಯ, ರಸ್ತೆ ಎಲ್ಲವನ್ನೂ ಹೇಳಿ, ಪಟ್ಟಿಯು ಕಟ್ಟಕಡೆಯಲ್ಲಿ ಸಮುದಾಯದ ಆಸ್ತಿಗಳ ನಿರ್ವಹಣೆಯನ್ನು ಹೆಸರಿಸುತ್ತದೆ. ಸಮೂಹದ ಕಟ್ಟಳೆಗೆ ಮಿತಾಕ್ಷರೆಯು ಉದಾಹರಣೆಯಾಗಿ ಎಣಿಸಿದ ಧರ್ಮವು ನಮ್ಮ ಕಾಲದಲ್ಲಿ ಇಪ್ಪತ್ತೊಂಬತ್ತನೆಯದಾಯಿತು. ಹಾಗೆಂದು ಏನೂ ಆಗಿಲ್ಲವೆನ್ನುವುದು ಅನ್ಯಾಯ. ಉದ್ಯೋಗಖಾತ್ರಿ ಯೋಜನೆಯು 2006ರಲ್ಲಿ ಮೊದಲು ಕಾಲಿಟ್ಟ ಜಿಲ್ಲೆಗಳಲ್ಲಿ ಕಲಬುರಗಿಯೂ ಒಂದು. ಕೆರೆಯ ಹೂಳೆತ್ತುವ ದುಡಿಮೆಗೆ ಅಂದಿನಿಂದ ಗಂಡು ಹೆಣ್ಣೆಂಬ ಭೇದವಿಲ್ಲದ ಕೂಲಿ ದೊರೆಯಿತು. ಹಿಂದೆ ಬಿಟ್ಟಿಯಾಗಿದ್ದುದು ಹಕ್ಕಾಯಿತು. 2010ರಿಂದ ರಾಜ್ಯದ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾದುವು. ಪಂಚಾಯತಿಯ ವಾಟರ್‌ಮನ್, ಕರವಸೂಲಿಗಾರ, ಗ್ರಂಥಪಾಲಕ, ಇವರೇ ಇಂದಿನ ಆಯಗಾರರು; ಊರ ನೆಮ್ಮದಿಯು ಇವರ ನಿತ್ಯದ ದುಡಿಮೆಯನ್ನು ಅವಲಂಬಿಸಿದ್ದರೂ, ಕಾಮಗಾರಿಯ ಫಲಕದ ಮೇಲಿನ ಹೆಸರುಗಳಲ್ಲಿ ಇವರ ಹೆಸರಿರುವುದಿಲ್ಲ.

ನಗರದ ಅಂಚಿನ ಊರುಗಳ ಪರಿಸ್ಥಿತಿಯು ಇನ್ನಷ್ಟು ಸೂಕ್ಷ್ಮವಾದದ್ದು. ಹೊಲವು ನಿವೇಶನವಾದಾಗ ಗಾಯರಾಣದ ಅಗತ್ಯವು ಇಲ್ಲವಾಗುತ್ತದೆ. ನಲ್ಲಿಯು ಬಂದಾಗ ಬಾವಿಯು ಕಸದ ಗುಂಡಿಯಾಗುತ್ತದೆ. ಆಡಳಿತವು ಮಹಾನಗರಪಾಲಿಕೆಗೆ ಸೇರಿದಾಗ ವರ್ಷಕ್ಕೆರಡು ಬಾರಿಯಾದರೂ ಎದ್ದು ನಿಂತು ಲೆಕ್ಕ ಕೇಳಬಹುದಾಗಿದ್ದ ಗ್ರಾಮಸಭೆಯೂ ನಿಂತುಹೋಗುತ್ತದೆ. ಸೌಕರ್ಯವು ಹೆಚ್ಚಿ, ಊರಿನ ಸಭೆಯು ಇಲ್ಲವಾಗುವುದು ಅನಿವಾರ್ಯವೇನೂ ಅಲ್ಲ. ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚಿನ ಜನಸಂಖ್ಯೆಯುಳ್ಳ ನಗರಗಳಲ್ಲಿ ವಾರ್ಡ್ ಸಮಿತಿಗಳಿರತಕ್ಕದ್ದೆಂದು 74ನೆಯ ತಿದ್ದುಪಡಿಯು ವಿಧಿಸಿದೆ. 2011ರ ಗಣತಿಯಲ್ಲಿಯೇ ಕಲಬುರಗಿಯು ಐದು ಲಕ್ಷವನ್ನು ದಾಟಿತ್ತು. ಕೋಟನೂರದಂಥ ಊರಿನಲ್ಲಿ ಅಂಥ ಸಮಿತಿಯೊಂದು ಕೂಡಿದರೆ, ಅದರ ಮೊದಲ ದಿನದ ಕೆಲಸವು ಹೊಸ ಬೇಡಿಕೆಗಳ ಪಟ್ಟಿಯಾಗಬಾರದು. ಇರುವ ಬಾವಿ, ಶಾಲೆ, ಚರಂಡಿ, ಸ್ಮಶಾನ, ಗಿಡಮರಗಳ ಪಟ್ಟಿಯಾಗಬೇಕು. ಪ್ರತಿಯೊಂದರ ಎದುರಿಗೆ ನೋಡಿಕೊಳ್ಳುವವರ ಹೆಸರು, ಅವರ ಸಂಬಳದ ಮೂಲ, ಅವರನ್ನು ವಿಚಾರಿಸುವ ದಿನ, ಈ ಮೂರನ್ನು ಬರೆದು, ಎಲ್ಲರಿಗೂ ಕೇಳುವಂತೆ ಓದಿ ಹೇಳಿದ ಬಳಿಕ ಹೊಸ ಕಾಮಗಾರಿಯ ಭೂಮಿಪೂಜೆಗೆ ತೆಂಗಿನಕಾಯಿ ಒಡೆಯಲಿ. ಆ ಕ್ರಮವನ್ನು ಪಾಲಿಸುವ ಸಭೆಯು, ಅದರ ಮೇಲಿನ ಆಡಳಿತವು ಗ್ರಾಮದ್ದಾಗಲಿ ನಗರದ್ದಾಗಲಿ, ಊರಿನ ಸಭೆಯೆನಿಸಿಕೊಳ್ಳಲು ಅರ್ಹವಾದದ್ದು.